ನೀಲಿ ಕೂಸುಗಳ ವೈದ್ಯೆ ಹೆಲೆನ್ ಟೌಸಿಗ್

ಪ್ರತಿವರ್ಷವೂ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಹಿರಿಯರ ಜೀವನಚರಿತ್ರೆಗಳು ಪ್ರಕಟವಾಗುತ್ತಲೇ ಇವೆ. ರಾಜರು, ಕವಿಗಳು, ದೇಶಭಕ್ತರು, ಸಂತರು, ಇವರ ಬಾಳನ್ನು ಕುರಿತು ನನ್ನ ಸಹಪಾಠಿಗಳು ನನಗಿಂತ ಚೆನ್ನಾಗಿ ಬರೆಯಬಲ್ಲರು. ನಾನು ಆರಿಸಿಕೊಂಡಿರುವುದು ದೂರದ ಅಮೆರಿಕದಲ್ಲಿ ಹುಟ್ಟಿ, ಅಲ್ಲಿಯೇ ಬಾಳಿ, 1986ರಲ್ಲಿ ತೀರಿಕೊಂಡ ಒಬ್ಬ ವೈದ್ಯೆಯ ಜೀವನವನ್ನು. ಇತಿಹಾಸವನ್ನೂ ಕನ್ನಡವನ್ನೂ ಓದುವ ಬಿ.ಎ. ವಿದ್ಯಾರ್ಥಿನಿಗೆ ಹೃದಯವೈದ್ಯರ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ನಮ್ಮ ಮನೆಯಲ್ಲಿದೆ. ಆದಕಾರಣ ಮೊದಲು ಮನೆಯ ಮಾತನ್ನು ಸಂಕ್ಷೇಪವಾಗಿ ಹೇಳಿ, ಅನಂತರ ಆ ಮಹನೀಯೆಯ ಕಥೆಗೆ ಬರುತ್ತೇನೆ.

ನನ್ನ ತಂದೆತಾಯಿಗಳು ಕೂಲಿಯವರು. ವರ್ಷದಲ್ಲಿ ಕೆಲವು ತಿಂಗಳು ಊರಿನಲ್ಲಿ, ಉಳಿದ ತಿಂಗಳು ಕಬ್ಬು ಕಡಿಯಲು ಪರಸ್ಥಳದಲ್ಲಿ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ನನಗೆ ಒಬ್ಬಳು ತಂಗಿಯಿದ್ದಳು. ಹುಟ್ಟಿದ ಕೆಲವು ತಿಂಗಳಲ್ಲಿಯೇ ಅವಳ ತುಟಿಗಳೂ ಉಗುರುಗಳೂ ನೇರಳೆಹಣ್ಣಿನ ಬಣ್ಣಕ್ಕೆ ತಿರುಗತೊಡಗಿದುವು. ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬರುತ್ತಿತ್ತು. ಮುಟ್ಟಾಟವಾಡುತ್ತಿರುವಾಗ ನಡುವೆಯೇ ಕುಕ್ಕರುಗಾಲಿನಲ್ಲಿ ಕುಳಿತುಬಿಡುತ್ತಿದ್ದಳು. ಅದನ್ನು ನಾವು ಸೋಮಾರಿತನವೆಂದು ತಿಳಿದು ನಗುತ್ತಿದ್ದೆವು. ನಾನೇ ಎಷ್ಟೋ ಸಲ ಅವಳ ರಟ್ಟೆ ಹಿಡಿದು ಎಳೆದೆಬ್ಬಿಸಿದ್ದೇನೆ. ಅಜ್ಜಿ ದೃಷ್ಟಿ ತೆಗೆದಳು, ತಾಯಿತ ಕಟ್ಟಿಸಿದಳು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಅವ್ವ ಹೊರಗೆ ಕಾಲಿಟ್ಟಿದ್ದಳೆಂದೂ ಅದರ ಫಲವೇ ಇದೆಂದೂ ಕೇರಿಯ ಹೆಂಗಸರು ತೀರ್ಪು ಕೊಟ್ಟರು. ಅವ್ವ ಆ ತೀರ್ಪನ್ನು ನಂಬಿದಳು. ಐದು ವರ್ಷ ತುಂಬುವ ಮೊದಲೇ ತಂಗಿ ತೀರಿಕೊಂಡಳು. ಆಗ ನಾನು ನಾಲ್ಕನೆಯ ತರಗತಿಯಲ್ಲಿದ್ದೆ.

ಕಳೆದ ವರ್ಷ ಭಾಷಣ ಸ್ಪರ್ಧೆಗೆಂದು ನಮ್ಮ ಕಾಲೇಜಿನ ಪುಸ್ತಕಭಂಡಾರದಲ್ಲಿ ಏನನ್ನೋ ಹುಡುಕುತ್ತಿದ್ದಾಗ, ವೈದ್ಯವಿಜ್ಞಾನದಲ್ಲಿ ಹೆಸರಾದ ಮಹಿಳೆಯರನ್ನು ಕುರಿತ ಹಳೆಯ ಇಂಗ್ಲಿಷ್ ಪುಸ್ತಕವೊಂದು ಕೈಗೆ ಬಂದಿತು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತ ಹೋದೆ. ಹೃದಯದ ದೋಷದಿಂದ ನೀಲಿಗಟ್ಟಿದ ಮಕ್ಕಳು ಆಟದ ನಡುವೆ ಕುಕ್ಕರುಗಾಲಿನಲ್ಲಿ ಕುಳಿತು ಉಸಿರು ಹಿಡಿದುಕೊಳ್ಳುತ್ತವೆ ಎಂಬ ವಿಷಯ ಅದರಲ್ಲಿತ್ತು. ಅದನ್ನು ಓದಿದ ಮೇಲೆ ಬಹಳ ಹೊತ್ತು ನನ್ನಿಂದ ಮುಂದಿನ ಪುಟವನ್ನು ಮಗುಚಲಾಗಲಿಲ್ಲ. ನನ್ನ ತಂಗಿಯನ್ನು ಯಾವ ತಜ್ಞರೂ ಪರೀಕ್ಷಿಸಿರಲಿಲ್ಲವಾದ್ದರಿಂದ ಅವಳ ದೋಷ ಇದೇ ಎಂದು ಸಾಧಿಸಿ ಹೇಳಲಾರೆ. ಆದರೆ ಅವಳು ಕುಳಿತುಕೊಳ್ಳುತ್ತಿದ್ದುದು ಸೋಮಾರಿತನದಿಂದಲ್ಲ ಎಂಬುದು ಅಂದು ನನಗೆ ತಿಳಿಯಿತು. ಆ ತಿಳಿವನ್ನು ಕೊಟ್ಟ ವೈದ್ಯೆಯೇ ಹೆಲೆನ್ ಟೌಸಿಗ್.

ಹೆಲೆನ್ ಬ್ರೂಕ್ ಟೌಸಿಗ್ 1898ನೆಯ ಇಸವಿ ಮೇ 24ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ಪಟ್ಟಣದಲ್ಲಿ ಜನಿಸಿದಳು. ನಾಲ್ವರು ಮಕ್ಕಳಲ್ಲಿ ಆಕೆಯೇ ಕಿರಿಯಳು. ತಂದೆ ಫ್ರಾಂಕ್ ಟೌಸಿಗ್ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಅಂತರರಾಷ್ಟ್ರೀಯ ವ್ಯಾಪಾರವನ್ನೂ ಸುಂಕಗಳನ್ನೂ ಕುರಿತು ಓದುವ ನಮ್ಮ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಅವರ ಹೆಸರು ಅಪರಿಚಿತವಾಗಿರಲಾರದು. ತಾಯಿ ಎಡಿತ್ ಕೂಡ ರ‍್ಯಾಡ್‌ಕ್ಲಿಫ್ ಎಂಬ ಮಹಿಳಾ ಕಾಲೇಜಿನಲ್ಲಿ ಓದಿದವಳು. ಇಂಥ ವಿದ್ಯಾವಂತರ ಮನೆಯಲ್ಲಿ ಹುಟ್ಟಿದವಳಿಗೆ ಕಷ್ಟವೆಲ್ಲಿಯದು ಎಂದು ನಮಗೆ ತೋರುವುದು ಸಹಜ. ನನಗೂ ಮೊದಲು ಹಾಗೆಯೇ ತೋರಿತು. ಆದರೆ ಆಕೆಗೆ ಹನ್ನೊಂದು ವರ್ಷವಾಗಿದ್ದಾಗ ತಾಯಿ ಕ್ಷಯರೋಗದಿಂದ ತೀರಿಕೊಂಡಳು. ಅದೇ ರೋಗ ಹೆಲೆನಳನ್ನೂ ಬಿಡಲಿಲ್ಲ. ಬಹುಕಾಲ ಆಕೆ ಪೂರ್ತಿ ದಿನ ಶಾಲೆಗೆ ಹೋಗುವಂತಿರಲಿಲ್ಲ.

ಇದಕ್ಕಿಂತಲೂ ದೊಡ್ಡದಾದ ಇನ್ನೊಂದು ತೊಡಕು ಇತ್ತು. ಪುಸ್ತಕ ತೆರೆದರೆ ಅಕ್ಷರಗಳು ಆಕೆಯ ಕಣ್ಣಿಗೆ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಬುದ್ಧಿಗೆ ಕೊರತೆಯಿಲ್ಲದಿದ್ದರೂ ಓದು ಕೈಗೂಡದ ಈ ಸ್ಥಿತಿಗೆ ಇಂದು ಡಿಸ್ಲೆಕ್ಸಿಯ ಎಂದು ಹೆಸರಿದೆ. ಅಂದು ಉಪಾಧ್ಯಾಯರು ಅಂಥ ಮಕ್ಕಳನ್ನು ದಡ್ಡರ ಸಾಲಿಗೆ ಸೇರಿಸುತ್ತಿದ್ದರು. ತಂದೆ ಮಾತ್ರ ಮಗಳನ್ನು ಆ ಸಾಲಿಗೆ ಸೇರಿಸಲಿಲ್ಲ. ದೊಡ್ಡ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ಅವರು ಮನೆಯಲ್ಲಿ ಮಗಳ ಪಕ್ಕದಲ್ಲಿ ಕುಳಿತು, ತಾಳ್ಮೆಗೆಡದೆ ಆಕೆಗೆ ಓದು ಕಲಿಸಿದರು. ಹೆಲೆನ್ ಮುಂದೆ ಎಷ್ಟು ದೊಡ್ಡವಳಾದರೂ ವೇಗವಾಗಿ ಓದುವುದು ಆಕೆಗೆ ಸಾಧ್ಯವಾಗಲಿಲ್ಲ. ನಿಧಾನವಾಗಿ ನೋಡುವುದನ್ನು, ನೋಡಿದ್ದನ್ನು ಬಿಡದೆ ಹಿಡಿಯುವುದನ್ನು ಆಕೆ ಬಾಲ್ಯದಲ್ಲಿಯೇ ಕಲಿತಳು. ಈ ಗುಣವೇ ಮುಂದೆ ಸಾವಿರಾರು ಮಕ್ಕಳ ಪ್ರಾಣ ಉಳಿಸಿತು ಎಂದರೆ ಅತಿಶಯೋಕ್ತಿಯಾಗಲಾರದು.

ರ‍್ಯಾಡ್‌ಕ್ಲಿಫ್‌ನಲ್ಲಿ ಎರಡು ವರ್ಷ ಓದಿದ ಹೆಲೆನ್, ಅನಂತರ ಕ್ಯಾಲಿಫೋರ್ನಿಯದ ಬರ್ಕ್‌ಲಿಗೆ ಹೋಗಿ 1921ರಲ್ಲಿ ಬಿ.ಎ. ಪದವಿ ಪಡೆದಳು. ವೈದ್ಯಳಾಗಬೇಕೆಂಬ ಹಂಬಲ ಹುಟ್ಟಿತು. ಆದರೆ ತಂದೆ ಪಾಠ ಹೇಳುತ್ತಿದ್ದ ಹಾರ್ವರ್ಡಿನಲ್ಲಿಯೇ ವೈದ್ಯಶಾಲೆಯ ಬಾಗಿಲು ಹೆಂಗಸರಿಗೆ ಮುಚ್ಚಿತ್ತು. ಸ್ತ್ರೀಯರು ತರಗತಿಯಲ್ಲಿ ಕುಳಿತು ಪಾಠ ಕೇಳಬಹುದು, ಪದವಿಯನ್ನು ಮಾತ್ರ ಕೊಡಲಾಗುವುದಿಲ್ಲ, ಇದು ಅಲ್ಲಿಯವರ ಉತ್ತರ. ಅಂಗಾಂಶಶಾಸ್ತ್ರದ ತರಗತಿಯಲ್ಲಿ ಆಕೆ ಗಂಡುವಿದ್ಯಾರ್ಥಿಗಳಿಂದ ದೂರ, ಒಂದು ಮೂಲೆಯಲ್ಲಿ ಕುಳಿತುಕೊಳ್ಳಬೇಕಾಗಿತ್ತು. ಹಾರ್ವರ್ಡ್ ವೈದ್ಯಶಾಲೆ ಸ್ತ್ರೀಯರಿಗೆ ಪ್ರವೇಶ ಕೊಟ್ಟಿದ್ದು 1945ರಲ್ಲಿ. ಹೆಲೆನ್ ಅಷ್ಟು ಕಾಲ ಕಾಯಲಿಲ್ಲ. ಬಾಸ್ಟನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಅಂಗರಚನಾಶಾಸ್ತ್ರವನ್ನು ಕಲಿತಳು. ಅಲ್ಲಿಯ ಪ್ರಾಧ್ಯಾಪಕರಾದ ಅಲೆಕ್ಸಾಂಡರ್ ಬೆಗ್ ಎಂಬವರು ಆಕೆಯ ಕೈಗೆ ಎತ್ತಿನ ಹೃದಯವೊಂದನ್ನು ಕೊಟ್ಟು, ಈ ಒಂದು ಅಂಗದಲ್ಲಿ ಆಸಕ್ತಿ ವಹಿಸುವಂತೆ ಪ್ರೇರೇಪಿಸಿದರು. ಅಂದು ಕೈಗೆ ಬಂದ ಹೃದಯವನ್ನು ಆಕೆ ಜೀವಮಾನವಿಡೀ ಕೆಳಗಿಡಲಿಲ್ಲ.

ಬೆಗ್ ಅವರ ಸಲಹೆಯಂತೆ ಹೆಲೆನ್ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವೈದ್ಯಶಾಲೆಗೆ ಸೇರಿದಳು. ಈ ವೈದ್ಯಶಾಲೆ 1893ರಲ್ಲಿ ಆರಂಭವಾಗುವಾಗ ಹಣದ ಅಭಾವವಿತ್ತು. ಮೇರಿ ಗ್ಯಾರೆಟ್ ಎಂಬಾಕೆಯೂ ಆಕೆಯ ಗೆಳತಿಯರೂ ಹಣ ಒದಗಿಸುವಾಗ, ಪುರುಷರಿಗೆ ಸಮನಾಗಿ ಸ್ತ್ರೀಯರಿಗೂ ಪ್ರವೇಶ ಕೊಡಬೇಕೆಂಬ ನಿಬಂಧನೆಯನ್ನು ಹಾಕಿದ್ದರು. ತಾವು ಕಾಣದ ಹುಡುಗಿಯರಿಗಾಗಿ ಆ ತಾಯಂದಿರು ತೆರೆಸಿದ ಬಾಗಿಲಿನಿಂದಲೇ ಹೆಲೆನ್ ಒಳಹೊಕ್ಕು, 1927ರಲ್ಲಿ ಎಂ.ಡಿ. ಪದವೀಧರೆಯಾದಳು. ವಿದ್ಯಾರ್ಥಿವೇತನದಿಂದ ಓದುತ್ತಿರುವ ನನ್ನಂಥವಳಿಗೆ ಈ ಸಂಗತಿ ಬಹಳ ಹತ್ತಿರದ್ದಾಗಿ ಕಾಣುತ್ತದೆ.

1930ರಲ್ಲಿ ಅಲ್ಲಿಯ ಮಕ್ಕಳ ಆಸ್ಪತ್ರೆಯಾದ ಹ್ಯಾರಿಯೆಟ್ ಲೇನ್ ಹೋಮಿನ ಹೃದ್ರೋಗ ವಿಭಾಗವನ್ನು ಡಾಕ್ಟರ್ ಎಡ್ವರ್ಡ್ಸ್ ಪಾರ್ಕ್ ಎಂಬ ಹಿರಿಯ ವೈದ್ಯರು ಟೌಸಿಗರ ವಶಕ್ಕೆ ಒಪ್ಪಿಸಿದರು. ಅಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರು ಕೀಲುವಾತದ ಜ್ವರದಿಂದ ಹೃದಯ ಕೆಟ್ಟವರು. ಹುಟ್ಟಿನಿಂದಲೇ ಹೃದಯದ ರಚನೆ ತಪ್ಪಿದ ಮಕ್ಕಳು ವಿರಳ; ಬಂದರೂ ಅವರಿಗಾಗಿ ಮಾಡುವಂಥದು ಏನೂ ಇರಲಿಲ್ಲ. ಇಂಥ ಮಗು ಸತ್ತ ಮೇಲೆ ಶವವನ್ನು ಕೊಯ್ದು ನೋಡಿ, ದೋಷದ ಹೆಸರನ್ನು ಪುಸ್ತಕದಲ್ಲಿ ಬರೆದಿಡುವುದೇ ಅಂದಿನ ಶಾಸ್ತ್ರವಾಗಿತ್ತು. ಆ ಮಕ್ಕಳನ್ನು ಅಭ್ಯಾಸ ಮಾಡುವಂತೆ ಪಾರ್ಕ್ ಹೇಳಿದಾಗ ಟೌಸಿಗರಿಗೂ ಮೊದಲು ಅಷ್ಟೇನೂ ಮನಸ್ಸಿರಲಿಲ್ಲವಂತೆ. ಗುಣವಾಗದ ರೋಗವನ್ನು ಕಲಿತು ಫಲವೇನು ಎಂದು ಯಾರಿಗೆ ತಾನೆ ಅನಿಸದು?

ಅದೇ ವೇಳೆಗೆ ವಿಧಿ ಇನ್ನೊಂದು ಪೆಟ್ಟು ಕೊಟ್ಟಿತು. ಟೌಸಿಗರ ಕಿವಿ ಕೇಳಿಸದಾಗುತ್ತ ಬಂದಿತು. ಹೃದಯವೈದ್ಯರ ಕೆಲಸವೆಲ್ಲ ಎದೆಬಡಿತವನ್ನು ಆಲಿಸುವುದರಲ್ಲಿಯೇ ಇದ್ದ ಕಾಲವದು. ಕಿವುಡಾದ ಹೃದಯವೈದ್ಯೆ ಎಂದರೆ ಕುರುಡಾದ ಚಿತ್ರಕಾರನಂತೆಯೇ ಸರಿ. ಮತ್ತೊಬ್ಬರಾಗಿದ್ದರೆ ಬೇರೆ ವೃತ್ತಿ ಹುಡುಕುತ್ತಿದ್ದರು. ಟೌಸಿಗ್ ಏನು ಮಾಡಿದರು? ಶಬ್ದವನ್ನು ದೊಡ್ಡದು ಮಾಡುವ ಸ್ಟೆತೊಸ್ಕೋಪನ್ನು ಬಳಸಿದರು. ಎದುರಿನವರ ತುಟಿಗಳ ಚಲನೆಯಿಂದ ಮಾತನ್ನು ಗ್ರಹಿಸಲು ಕಲಿತರು. ಎಲ್ಲಕ್ಕಿಂತ ಮಿಗಿಲಾಗಿ, ಮಗುವಿನ ಎದೆಯ ಮೇಲೆ ಅಂಗೈಯನ್ನೂ ಬೆರಳುಗಳನ್ನೂ ಇಟ್ಟು, ಒಳಗಿನ ಮಿಡಿತವನ್ನು ಸ್ಪರ್ಶದಿಂದಲೇ ಓದಲು ಅಭ್ಯಾಸ ಮಾಡಿದರು. ಕಿವಿಯ ಕೆಲಸವನ್ನು ಬೆರಳು ವಹಿಸಿಕೊಂಡಿತು. ಆಗ ಹೊಸದಾಗಿ ಬಂದಿದ್ದ ಫ್ಲೂರೊಸ್ಕೋಪ್ ಎಂಬ ಕ್ಷ-ಕಿರಣದ ಯಂತ್ರದ ಮುಂದೆ ಮಕ್ಕಳನ್ನು ನಿಲ್ಲಿಸಿ, ಎದುರಿಗೆ, ಓರೆಗೆ, ಪಕ್ಕಕ್ಕೆ ತಿರುಗಿಸಿ, ಬಡಿಯುತ್ತಿರುವ ಹೃದಯದ ನೆರಳನ್ನು ತಾಸುಗಟ್ಟಲೆ ನೋಡಿದರು. ಮಾಂಟ್ರಿಯಲ್ ನಗರದಲ್ಲಿ ಒಂದು ಸಾವಿರ ವಿಕೃತ ಹೃದಯಗಳ ವಿವರಗಳನ್ನು ಸಂಗ್ರಹಿಸಿ 1936ರಲ್ಲಿ ದೊಡ್ಡ ಚಿತ್ರಸಂಪುಟವನ್ನು ಹೊರತಂದಿದ್ದ ಮಾಡ್ ಆಬಟ್ ಎಂಬ ವೈದ್ಯೆಯಿಂದಲೂ ಅವರು ಬಹಳ ಕಲಿತರು. ಹೀಗೆ, ಸತ್ತ ಮೇಲೆ ತಿಳಿಯುತ್ತಿದ್ದುದನ್ನು ಮಗು ಬದುಕಿರುವಾಗಲೇ ಹೇಳಬಲ್ಲವರಾದರು.

ಈಗ ನೀಲಿ ಕೂಸುಗಳ ವಿಷಯವನ್ನು ಸ್ವಲ್ಪ ವಿವರಿಸಬೇಕು. ನಮ್ಮ ಹೃದಯದ ಬಲಭಾಗ ಕೆಟ್ಟ ರಕ್ತವನ್ನು ಶ್ವಾಸಕೋಶಗಳಿಗೆ ಕಳುಹಿಸುತ್ತದೆ. ಅಲ್ಲಿ ಆಮ್ಲಜನಕವನ್ನು ಹೀರಿ ಕೆಂಪಾದ ರಕ್ತ ಎಡಭಾಗಕ್ಕೆ ಬಂದು ಮೈಗೆಲ್ಲ ಹರಿಯುತ್ತದೆ. ಕೆಲವು ಶಿಶುಗಳಲ್ಲಿ ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟಾಗಿರುತ್ತದೆ. ಹೃದಯದ ಕೆಳಗೂಡುಗಳ ನಡುವಿನ ಗೋಡೆಯಲ್ಲಿ ತೂತಿರುತ್ತದೆ. ಮಹಾಧಮನಿ ಆ ತೂತಿನ ಮೇಲೆಯೇ ಕವಲಿಟ್ಟಂತೆ ಕುಳಿತಿರುತ್ತದೆ. ಬಲಗಡೆಯ ಗೋಡೆ ದಪ್ಪವಾಗಿರುತ್ತದೆ. ಫ್ರಾನ್ಸಿನ ಮಾರ್ಸೇಲ್ಸಿನ ವೈದ್ಯ ಫಾಲೋ ಎಂಬವರು 1888ರಲ್ಲಿ ಈ ನಾಲ್ಕೂ ದೋಷಗಳು ಒಟ್ಟಿಗೆ ಬರುವುದನ್ನು ವಿವರಿಸಿದುದರಿಂದ ಇದಕ್ಕೆ ಫಾಲೋ ಚತುಷ್ಟಯವೆಂದು ಹೆಸರು. ಶ್ವಾಸಕೋಶಕ್ಕೆ ಹೋಗಲಾರದ ರಕ್ತ ತೂತಿನ ಮೂಲಕ ಮೈಯೊಳಕ್ಕೆ ನುಗ್ಗುವುದರಿಂದ ಮಗು ನೀಲಿಯಾಗುತ್ತದೆ. ಕುಕ್ಕರುಗಾಲಿನಲ್ಲಿ ಕುಳಿತಾಗ ಕಾಲುಗಳ ಕಡೆಗೆ ಹರಿಯುವ ರಕ್ತಕ್ಕೆ ತಡೆಯುಂಟಾಗಿ, ಹೆಚ್ಚು ರಕ್ತ ಶ್ವಾಸಕೋಶದ ಕಡೆಗೆ ತಿರುಗುತ್ತದೆ. ಯಾರೂ ಹೇಳಿಕೊಡದೆ ಮಗು ತಾನೇ ಕಂಡುಕೊಂಡ ಚಿಕಿತ್ಸೆ ಅದು! ನಾನು ರಟ್ಟೆ ಹಿಡಿದು ಎಬ್ಬಿಸುತ್ತಿದ್ದುದು ಆ ಚಿಕಿತ್ಸೆಯಿಂದ ಎಂಬುದನ್ನು ನೆನೆದರೆ ಇಂದಿಗೂ ಎದೆ ಭಾರವಾಗುತ್ತದೆ.

ಇಂಥ ಮಕ್ಕಳನ್ನು ವರ್ಷಗಟ್ಟಲೆ ನೋಡುತ್ತ ಬಂದ ಟೌಸಿಗರು ಒಂದು ವಿಚಿತ್ರವನ್ನು ಗಮನಿಸಿದರು. ಗರ್ಭದಲ್ಲಿರುವ ಶಿಶುವಿನಲ್ಲಿ ಮಹಾಧಮನಿಗೂ ಶ್ವಾಸಕೋಶದ ಧಮನಿಗೂ ನಡುವೆ ಒಂದು ಸಣ್ಣ ನಾಳವಿರುತ್ತದೆ. ಹುಟ್ಟಿದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಯಾವ ನೀಲಿ ಮಗುವಿನಲ್ಲಿ ಈ ನಾಳ ಮುಚ್ಚದೆ ಉಳಿದಿತ್ತೋ ಆ ಮಗು ಮೇಲಾಗಿತ್ತು. ನಾಳ ಮುಚ್ಚಿದೊಡನೆ ಮಗುವಿನ ಸ್ಥಿತಿ ಕೆಡುತ್ತಿತ್ತು. ಕಾಲುವೆಯ ತೂಬು ಹೂಳಿನಿಂದ ಕಟ್ಟಿದಾಗ ಪಕ್ಕದ ಕಾಲುವೆಯಿಂದ ಸಣ್ಣ ತೋಡು ತೆಗೆದು ಗದ್ದೆಗೆ ನೀರು ಹಾಯಿಸುವುದನ್ನು ನಾವು ಕಂಡಿದ್ದೇವೆ. ಶ್ವಾಸಕೋಶಕ್ಕೂ ಅಂಥದೊಂದು ತೋಡನ್ನು ಶಸ್ತ್ರಕ್ರಿಯೆಯಿಂದ ತೆಗೆಯಬಾರದೇಕೆ ಎಂಬುದು ಟೌಸಿಗರ ಯೋಚನೆ. ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಎಂಬ ಶಸ್ತ್ರವೈದ್ಯರು 1938ರಲ್ಲಿ ಒಂದು ಹುಡುಗಿಯಲ್ಲಿ, ತಾನಾಗಿ ಮುಚ್ಚದೆ ತೊಂದರೆ ಕೊಡುತ್ತಿದ್ದ ಇದೇ ನಾಳವನ್ನು ಕಟ್ಟಿ ಯಶಸ್ವಿಯಾಗಿದ್ದರು. ಟೌಸಿಗ್ ಅವರಲ್ಲಿಗೆ ಹೋಗಿ, ಇಂಥ ನಾಳವನ್ನು ಹೊಸದಾಗಿ ನಿರ್ಮಿಸಲು ಸಾಧ್ಯವೇ ಎಂದು ವಿಚಾರಿಸಿದರು. ನಾಳವನ್ನು ಮುಚ್ಚುವುದರಲ್ಲಿದ್ದವರಿಗೆ ನಾಳವನ್ನು ಕಟ್ಟುವ ಮಾತು ರುಚಿಸಲಿಲ್ಲ. ಆಕೆ ಬರಿಗೈಯಲ್ಲಿ ಹಿಂದಿರುಗಿದರು. ಯೋಚನೆಯನ್ನು ಮಾತ್ರ ಬಿಡಲಿಲ್ಲ.

1941ರಲ್ಲಿ ಆಲ್ಫ್ರೆಡ್ ಬ್ಲೇಲಾಕ್ ಎಂಬ ಶಸ್ತ್ರವೈದ್ಯರು ಜಾನ್ಸ್ ಹಾಪ್‌ಕಿನ್ಸಿಗೆ ಮುಖ್ಯಸ್ಥರಾಗಿ ಬಂದರು. ಅವರೊಡನೆ ಅವರ ಪ್ರಯೋಗಾಲಯದ ಸಹಾಯಕನಾಗಿ ಬಂದವನು ವಿವಿಯನ್ ಥಾಮಸ್. ಈ ವಿವಿಯನ್ ಥಾಮಸನ ಕಥೆಯನ್ನು ಹೇಳದೆ ಮುಂದುವರಿಯುವುದು ಅನ್ಯಾಯವಾದೀತು. ಈತ ಕರಿಯರ ಕುಲದಲ್ಲಿ ಹುಟ್ಟಿದ ಒಬ್ಬ ಬಡಗಿಯ ಮಗ. ವೈದ್ಯನಾಗಬೇಕೆಂದು ಕೂಡಿಟ್ಟ ಹಣವೆಲ್ಲ 1930ರಲ್ಲಿ ಬ್ಯಾಂಕು ಮುಳುಗಿದಾಗ ಹೋಯಿತು. ಕಾಲೇಜಿನ ಕನಸು ಅಲ್ಲಿಗೆ ಮುಗಿಯಿತು. ಪ್ರಯೋಗಾಲಯದಲ್ಲಿ ಶಸ್ತ್ರಕ್ರಿಯೆಗಳನ್ನು ಮಾಡುತ್ತಿದ್ದರೂ ಸಂಬಳದ ಪುಸ್ತಕದಲ್ಲಿ ಆತ ಜಾಡಮಾಲಿಯ ದರ್ಜೆಯವನು. ಟೌಸಿಗ್ ತಮ್ಮ ಯೋಚನೆಯನ್ನು ಬ್ಲೇಲಾಕರ ಮುಂದಿಟ್ಟಾಗ, ಅದನ್ನು ಕಾರ್ಯರೂಪಕ್ಕೆ ತರುವ ಭಾರ ಬಿದ್ದದ್ದು ಥಾಮಸನ ಮೇಲೆ. ನಾಯಿಗಳ ಮೇಲೆ ಬಹುದಿನ ಪ್ರಯೋಗ ನಡೆಸಿ, ತೋಳಿಗೆ ಹೋಗುವ ಧಮನಿಯನ್ನು ತಿರುಗಿಸಿ ಶ್ವಾಸಕೋಶದ ಧಮನಿಗೆ ಹೊಲಿಯುವ ವಿಧಾನವನ್ನು ಆತ ಸಿದ್ಧಪಡಿಸಿದ.

1944ನೆಯ ಇಸವಿ ನವೆಂಬರ್ 29ರಂದು ಹದಿನೈದು ತಿಂಗಳ ಹೆಣ್ಣುಕೂಸೊಂದನ್ನು ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿಸಿದರು. ಅದರ ತೂಕ ಸುಮಾರು ನಾಲ್ಕು ಕಿಲೋ ಮಾತ್ರ. ಬ್ಲೇಲಾಕರು ಈ ಶಸ್ತ್ರಕ್ರಿಯೆಯನ್ನು ಹಿಂದೆ ಯಾವ ಮನುಷ್ಯನ ಮೇಲೂ ಮಾಡಿದವರಲ್ಲ. ಅವರ ಬೆನ್ನ ಹಿಂದೆ ಒಂದು ಮೆಟ್ಟಿಲ ಮೇಲೆ ನಿಂತು ಥಾಮಸ್ ಒಂದೊಂದು ಹೊಲಿಗೆಯನ್ನೂ ಸೂಚಿಸುತ್ತಿದ್ದ. ಟೌಸಿಗ್ ಮಗುವಿನ ಮುಖವನ್ನೇ ನೋಡುತ್ತ ನಿಂತಿದ್ದರು. ಮಗು ಉಳಿಯಿತು. ಆದರೆ ಕೆಲವು ತಿಂಗಳ ಅನಂತರ ಮತ್ತೆ ನೀಲಿಯಾಗಿ, ಎರಡನೆಯ ಶಸ್ತ್ರಕ್ರಿಯೆಯ ಬಳಿಕ ತೀರಿಕೊಂಡಿತು. ಅವರು ಕೈಬಿಡಲಿಲ್ಲ. 1945ರ ಆರಂಭದಲ್ಲಿ ಇನ್ನಿಬ್ಬರು ಮಕ್ಕಳಿಗೆ ಇದೇ ಶಸ್ತ್ರಕ್ರಿಯೆ ನಡೆಯಿತು. ಅವರಲ್ಲಿ ಒಬ್ಬ ಆರು ವರ್ಷದ ಹುಡುಗ. ಹೊಲಿಗೆ ಮುಗಿಸಿ ಧಮನಿಯ ಬಿಗಿತವನ್ನು ಸಡಿಲಿಸಿದೊಡನೆ ಮೇಜಿನ ಮೇಲೆಯೇ ಅವನ ತುಟಿಗಳು ನೀಲಿ ಬಿಟ್ಟು ಗುಲಾಬಿಯ ಬಣ್ಣಕ್ಕೆ ತಿರುಗಿದುವು. ಒಬ್ಬ ತಾಯಿಗೆ ಇದಕ್ಕಿಂತ ಮಿಗಿಲಾದ ದೃಶ್ಯ ಬೇರೆ ಯಾವುದಿದ್ದೀತು!

ಅದೇ ವರ್ಷ ಮೇ ತಿಂಗಳಿನಲ್ಲಿ ಈ ಮೂರು ಮಕ್ಕಳ ವೃತ್ತಾಂತ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಬ್ಲೇಲಾಕ್ ಮತ್ತು ಟೌಸಿಗ್ ಎಂಬ ಎರಡು ಹೆಸರುಗಳು ಅದರಲ್ಲಿದ್ದುವು. ಥಾಮಸನ ಹೆಸರು ಇರಲಿಲ್ಲ. ಆ ಸಂಸ್ಥೆ ಆತನಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. ಇಂದು ಅನೇಕ ವೈದ್ಯರು ಆ ಶಸ್ತ್ರಕ್ರಿಯೆಯನ್ನು ಮೂವರ ಹೆಸರಿನಿಂದಲೂ ಕರೆಯುತ್ತಾರೆ. ಪದವಿಯಿಲ್ಲದವನ ವಿದ್ಯೆಯೂ ವಿದ್ಯೆಯೇ ಎಂಬುದನ್ನು ಒಪ್ಪಿಕೊಳ್ಳಲು ಲೋಕಕ್ಕೆ ಮೂವತ್ತೊಂದು ವರ್ಷ ಬೇಕಾಯಿತು. ಪದವಿಯ ಹೊಸ್ತಿಲಲ್ಲಿ ನಿಂತಿರುವ ನಾವು ಇದನ್ನು ಮರೆಯಬಾರದು.

ಸುದ್ದಿ ಹಬ್ಬಿದ್ದೇ ತಡ, ದೇಶದೇಶಗಳಿಂದ ತಂದೆತಾಯಿಗಳು ನೀಲಿ ಕೂಸುಗಳನ್ನು ಎತ್ತಿಕೊಂಡು ಬಾಲ್ಟಿಮೋರಿಗೆ ಬರತೊಡಗಿದರು. 1947ರಲ್ಲಿ ಟೌಸಿಗರೂ ಬ್ಲೇಲಾಕರೂ ಲಂಡನ್ ಮತ್ತು ಪ್ಯಾರಿಸಿಗೆ ಹೋಗಿ ಅಲ್ಲಿಯ ವೈದ್ಯರಿಗೆ ಈ ವಿಧಾನವನ್ನು ತೋರಿಸಿದರು. ಅದೇ ವರ್ಷ ಟೌಸಿಗರು ಹುಟ್ಟಿನಿಂದ ಬರುವ ಹೃದಯದೋಷಗಳನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಅದು ಒಂದು ಹೊಸ ಶಾಸ್ತ್ರಕ್ಕೇ ತಳಹದಿಯಾಯಿತು. ಎಷ್ಟೋ ದೇಶಗಳ ತರುಣ ವೈದ್ಯರು ಅವರ ಬಳಿಗೆ ಬಂದು ಕಲಿತು ಹಿಂದಿರುಗಿದರು. ನಮ್ಮ ದೇಶದ ಡಾಕ್ಟರ್ ಎಸ್. ಪದ್ಮಾವತಿಯವರು ಅವರಲ್ಲೊಬ್ಬರು. ಭಾರತದ ಪ್ರಥಮ ಮಹಿಳಾ ಹೃದಯತಜ್ಞೆಯೆನಿಸಿದ ಇವರು ಜಾನ್ಸ್ ಹಾಪ್‌ಕಿನ್ಸಿನಲ್ಲಿ ಟೌಸಿಗರ ಕೈಕೆಳಗೆ ಅಭ್ಯಾಸ ಮಾಡಿ, 1953ರಲ್ಲಿ ದೆಹಲಿಗೆ ಬಂದು, ನೂರಮೂರು ವರ್ಷಗಳ ತುಂಬುಬಾಳನ್ನು ಬಾಳಿ 2020ರಲ್ಲಿ ಕಾಲವಾದರು. ಬಾಲ್ಟಿಮೋರಿನಲ್ಲಿ ಹಚ್ಚಿದ ದೀಪದ ಕುಡಿಯೊಂದು ನಮ್ಮ ಮನೆಯಂಗಳಕ್ಕೂ ಹೀಗೆ ಬಂದಿತು.

ಟೌಸಿಗರ ದೊಡ್ಡತನವಿರುವುದು ಶಸ್ತ್ರಕ್ರಿಯೆಯ ಯೋಚನೆಯೊಂದರಲ್ಲಿಯೇ ಅಲ್ಲ. ಅವರು ಮದುವೆಯಾಗಲಿಲ್ಲ, ಆದರೆ ಅವರ ಮಕ್ಕಳಿಗೆ ಲೆಕ್ಕವಿರಲಿಲ್ಲ. ಶಸ್ತ್ರಕ್ರಿಯೆ ಮುಗಿದ ಮಗು ಮನೆಗೆ ಹೋದರೆ ವೈದ್ಯರ ಕರ್ತವ್ಯ ತೀರಿತು ಎಂದು ಅವರು ಭಾವಿಸಲಿಲ್ಲ. ಹುಡುಗ ಶಾಲೆಗೆ ಸೇರಿದನೆ, ಹುಡುಗಿ ಮೆಟ್ಟಿಲು ಹತ್ತಬಲ್ಲಳೆ, ಬೆಳೆದು ಕೆಲಸಕ್ಕೆ ಸೇರಿದರೆ, ಮದುವೆಯಾದರೆ ಎಂಬುದನ್ನೆಲ್ಲ ದಶಕಗಳವರೆಗೆ ವಿಚಾರಿಸಿ ಬರೆದಿಟ್ಟರು. ಒಂದು ಅಪೂರ್ವ ದೋಷವನ್ನು ಹೊತ್ತು ಹುಟ್ಟಿದವರ ಪೂರ್ಣ ಬಾಳನ್ನು ಹಿಂಬಾಲಿಸಿ ನೋಡುವ ಪದ್ಧತಿ ಬೇರೂರಲು ಇದು ನೆರವಾಯಿತು.

1962ರಲ್ಲಿ ಅವರಿಗೆ ಅರುವತ್ತಮೂರು ವರ್ಷ. ಆ ಜನವರಿಯಲ್ಲಿ ಜರ್ಮನಿಯಿಂದ ಬಂದ ಹಳೆಯ ಶಿಷ್ಯರೊಬ್ಬರು ಒಂದು ಭಯಂಕರ ಸಮಾಚಾರವನ್ನು ತಂದರು. ಆ ದೇಶದಲ್ಲಿ ಕೈಕಾಲುಗಳಿಲ್ಲದ, ಇಲ್ಲವೆ ಹೆಗಲಿಗೇ ಬೆರಳುಗಳಂಟಿಕೊಂಡ ಶಿಶುಗಳು ಒಂದರ ಮೇಲೊಂದರಂತೆ ಹುಟ್ಟುತ್ತಿದ್ದುವು. ವೈದ್ಯರು ತಮ್ಮ ಜೀವಮಾನದಲ್ಲಿ ಒಂದನ್ನೂ ಕಾಣದಷ್ಟು ವಿರಳವಾದ ವೈಕಲ್ಯ ಇದು. ಅಲ್ಲಿ 1957ರಿಂದ ಮಾರಾಟದಲ್ಲಿದ್ದ ಥ್ಯಾಲಿಡೊಮೈಡ್ ಎಂಬ ನಿದ್ರೆಯ ಗುಳಿಗೆಯೇ ಇದಕ್ಕೆ ಕಾರಣವೆಂದು ಹ್ಯಾಂಬರ್ಗಿನ ವಿಡುಕಿಂಡ್ ಲೆಂಟ್ಸ್ ಎಂಬ ವೈದ್ಯರು ಎಚ್ಚರಿಸಿದ್ದರು. 1961ರ ನವೆಂಬರಿನ ಕೊನೆಗೆ ಜರ್ಮನಿಯಲ್ಲಿ ಅದರ ಮಾರಾಟ ನಿಂತಿತ್ತು. ಗರ್ಭದ ಮೊದಲ ವಾರಗಳಲ್ಲಿ ತಾಯಿ ಅದನ್ನು ನುಂಗಿದ್ದರೆ, ಆಗ ತಾನೆ ರೂಪುಗೊಳ್ಳುತ್ತಿದ್ದ ಅವಯವಗಳು ಅಲ್ಲಿಯೇ ನಿಂತುಹೋಗುತ್ತಿದ್ದುವು.

ಟೌಸಿಗ್ ಕೇಳಿ ಸುಮ್ಮನಾಗಲಿಲ್ಲ. ತಾವೇ ಜರ್ಮನಿಗೆ ಹೋಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಮಕ್ಕಳನ್ನು ಕಂಡು, ತಾಯಂದಿರನ್ನೂ ವೈದ್ಯರನ್ನೂ ವಿಚಾರಿಸಿದರು. ಅಮೆರಿಕದಲ್ಲಿ ಆ ಗುಳಿಗೆಯ ಮಾರಾಟಕ್ಕೆ ಇನ್ನೂ ಅನುಮತಿ ಸಿಕ್ಕಿರಲಿಲ್ಲ. ಸರ್ಕಾರದ ಔಷಧ ಇಲಾಖೆಯಲ್ಲಿದ್ದ ಫ್ರಾನ್ಸಿಸ್ ಕೆಲ್ಸಿ ಎಂಬ ಮತ್ತೊಬ್ಬ ವೈದ್ಯೆ ಸಾಕಷ್ಟು ಪುರಾವೆಯಿಲ್ಲವೆಂದು ಅದನ್ನು ತಡೆಹಿಡಿದಿದ್ದರು. ಟೌಸಿಗರು ಹಿಂದಿರುಗಿದೊಡನೆ ವೈದ್ಯರ ಸಭೆಗಳಲ್ಲಿ ಚಿತ್ರಗಳನ್ನು ತೋರಿಸಿ ಮಾತನಾಡಿದರು. ವೈದ್ಯರ ಪತ್ರಿಕೆಗಳಲ್ಲಿಯೂ ಜನಸಾಮಾನ್ಯರು ಓದುವ ಪತ್ರಿಕೆಗಳಲ್ಲಿಯೂ ಬರೆದರು. ಶಾ ಸನಸಭೆಯ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಅಧ್ಯಕ್ಷ ಕೆನಡಿಯವರ ಸಹಿಯೊಡನೆ ಹೊಸ ಔಷಧ ಕಾನೂನು ಜಾರಿಗೆ ಬಂದಿತು; ಔಷಧ ನಿಜವಾಗಿಯೂ ಗುಣಕಾರಿಯೆಂಬುದಕ್ಕೆ ಮೊದಲೇ ಪುರಾವೆ ಒದಗಿಸುವುದು ತಯಾರಕರ ಹೊಣೆಯಾಯಿತು. ಪ್ರಪಂಚದಲ್ಲಿ ಆ ಗುಳಿಗೆಯಿಂದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ವಿಕಲಾಂಗರಾದರೆಂದು ಅಂದಾಜು. ಅಮೆರಿಕ ಆ ದುರಂತದ ಬಹುಪಾಲಿನಿಂದ ಪಾರಾಯಿತು. ಹುಟ್ಟಿದ ಮಗುವಿಗೆ ಚಿಕಿತ್ಸೆ ಕೊಡುವುದೊಂದೇ ವೈದ್ಯರ ಕೆಲಸವಲ್ಲ, ಹುಟ್ಟಲಿರುವ ಮಗುವಿನ ಪರವಾಗಿ ನಾಲ್ಕು ಜನರ ಮುಂದೆ ಬಾಯಿಬಿಡುವುದೂ ಅವರ ಕೆಲಸವೆಂದು ಟೌಸಿಗರು ತೋರಿಸಿಕೊಟ್ಟರು.

ಗೌರವಗಳು ತಡವಾಗಿ ಬಂದುವು. 1930ರಿಂದ ಒಂದು ವಿಭಾಗವನ್ನೇ ನಡೆಸಿದ್ದರೂ ಪೂರ್ಣ ಪ್ರಾಧ್ಯಾಪಕ ಪದವಿ ಸಿಕ್ಕಿದ್ದು 1959ರಲ್ಲಿ. 1964ರಲ್ಲಿ ಅಧ್ಯಕ್ಷ ಜಾನ್ಸನ್ನರಿಂದ ಆ ದೇಶದ ಅತ್ಯುನ್ನತ ನಾಗರಿಕ ಪದಕ ದೊರೆಯಿತು. 1965ರಲ್ಲಿ ಅಮೆರಿಕದ ಹೃದಯಸಂಘಕ್ಕೆ ಪ್ರಥಮ ಮಹಿಳಾ ಅಧ್ಯಕ್ಷರಾದರು. ನಿವೃತ್ತರಾದ ಮೇಲೂ ಸುಮ್ಮನೆ ಕೂರದೆ, ಹೃದಯದ ದೋಷಗಳ ಮೂಲವನ್ನರಸುತ್ತ ಹಕ್ಕಿಗಳ ಹೃದಯಗಳನ್ನು ಪರೀಕ್ಷಿಸುತ್ತಿದ್ದರು. 1986ನೆಯ ಇಸವಿ ಮೇ 20ರಂದು, ಎಂಬತ್ತೆಂಟು ತುಂಬಲು ನಾಲ್ಕೇ ದಿನಗಳಿರುವಾಗ, ಗೆಳೆಯರನ್ನು ಮತದಾನಕ್ಕೆಂದು ತಮ್ಮ ಕಾರಿನಲ್ಲಿ ಕರೆದುಕೊಂಡು ಹೋಗಿದ್ದ ಸಂದರ್ಭದಲ್ಲಿ ಅಪಘಾತಕ್ಕೀಡಾಗಿ ನಿಧನರಾದರು.

ಅವರು ತೋರಿದ ದಾರಿ ಇಂದು ಬಹಳ ಮುಂದುವರಿದಿದೆ. 1954ರಲ್ಲಿಯೇ ಮಿನಸೋಟದ ವೈದ್ಯರು ಹೃದಯವನ್ನು ತೆರೆದು ಫಾಲೋ ಚತುಷ್ಟಯವನ್ನು ಪೂರ್ಣವಾಗಿ ಸರಿಪಡಿಸಿದರು. ಇಂದು ಎಕೋ ಎಂಬ ಶಬ್ದತರಂಗದ ಪರೀಕ್ಷೆಯಿಂದ ನೋವಿಲ್ಲದೆ ದೋಷವನ್ನು ಕಂಡುಹಿಡಿಯಬಹುದು. ನಮ್ಮ ದೇಶದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಲ್ಲಿ ಜನ್ಮಜಾತ ದೋಷಗಳನ್ನು ಹುಡುಕುವ ಏರ್ಪಾಡಿದೆ. ವೈದ್ಯರ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬರುತ್ತವೆ. ಹೃದಯದ ದೋಷವೂ ಆ ಪಟ್ಟಿಯಲ್ಲಿದೆ. ಆದರೆ ತಂಡ ಬಂದ ದಿನ ಮಗು ಅಲ್ಲಿರಬೇಕಷ್ಟೆ. ಕೂಲಿಗಾಗಿ ತಾಯ್ತಂದೆಯರೊಡನೆ ಊರೂರು ತಿರುಗುವ ಮಗುವಿನ ಹೆಸರು ಎಷ್ಟೋ ಸಲ ಯಾವ ಅಂಗನವಾಡಿಯ ಹಾಜರಿ ಪುಸ್ತಕದಲ್ಲಿಯೂ ನಿಲ್ಲುವುದಿಲ್ಲ. ನನ್ನ ತಂಗಿಯ ಹೆಸರೂ ನಿಲ್ಲಲಿಲ್ಲ.

ಕಳೆದ ದೀಪಾವಳಿಯ ರಜೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಮಗುವಿನ ಹೃದಯ ಗರ್ಭದ ಮೊದಲ ಎರಡು ತಿಂಗಳಲ್ಲಿಯೇ ರೂಪುಗೊಳ್ಳುತ್ತದೆಂದೂ ಗ್ರಹಣದ ನೆರಳು ಅಲ್ಲಿಗೆ ಮುಟ್ಟಲಾರದೆಂದೂ, ತಂಗಿಯ ರೋಗಕ್ಕೆ ಅವಳು ಕಾರಣಳಲ್ಲವೆಂದೂ ತಿಳಿಸಿದೆ. ಅವ್ವ ಮೊರದಲ್ಲಿದ್ದ ಅಕ್ಕಿಯ ಕಲ್ಲು ಆರಿಸುತ್ತ ಬಹಳ ಹೊತ್ತು ತಲೆಯೆತ್ತಲಿಲ್ಲ. ಕೊನೆಗೆ ಆ ಡಾಕ್ಟರಮ್ಮನ ಹೆಸರೇನೆಂದು ಕೇಳಿದಳು. ಎರಡು ಸಲ ಹೇಳಿಸಿಕೊಂಡಳು. ಅಷ್ಟೇ. ಆದರೆ ಹನ್ನೊಂದು ವರ್ಷದಿಂದ ಅವಳ ತಲೆಯ ಮೇಲಿದ್ದ ಒಂದು ಹೊರೆ ಅಂದು ಸ್ವಲ್ಪ ಇಳಿಯಿತೆಂದು ನಾನು ನಂಬಿದ್ದೇನೆ. ನನ್ನ ಬಿ.ಎ. ಓದಿನಿಂದ ಮನೆಗೆ ಸಂದ ಮೊದಲ ಸಂಪಾದನೆ ಅದೇ.

ಪ್ರಿಯ ಸಹಪಾಠಿಗಳೆ, ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗುತ್ತೇವೆ, ಗುಮಾಸ್ತರಾಗುತ್ತೇವೆ, ಪಂಚಾಯಿತಿಯ ಕೆಲಸಕ್ಕೆ ಸೇರುತ್ತೇವೆ. ನಮ್ಮಲ್ಲಿ ಯಾರೂ ಶಸ್ತ್ರಕ್ರಿಯೆ ಮಾಡಬೇಕಾಗಿಲ್ಲ. ಆದರೆ ಆಟದ ಬಯಲಿನಲ್ಲಿ ಒಂದು ಮಗು ಓಡುತ್ತ ಓಡುತ್ತ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟರೆ, ಅದನ್ನು ಗದರಿಸಿ ಎಬ್ಬಿಸದೆ, ಬಳಿಗೆ ಹೋಗಿ ಅದರ ತುಟಿಗಳನ್ನೂ ಉಗುರುಗಳನ್ನೂ ಒಮ್ಮೆ ನೋಡಿರಿ. ನೀಲಿ ಕಂಡರೆ ತಾಯಿತದ ಮಾತಿಗೆ ಕಿವಿಗೊಡದೆ, ತಾಯಿಯನ್ನೂ ದೂರದೆ, ತಾಲ್ಲೂಕು ಆಸ್ಪತ್ರೆಯ ದಾರಿಯನ್ನು ತೋರಿಸಿರಿ. ಕಿವಿ ಕೇಳದ ಒಬ್ಬ ಹೆಣ್ಣುಮಗಳು ಬೆರಳ ತುದಿಯಿಂದ ಅಷ್ಟನ್ನು ಕಂಡುಹಿಡಿದಳು. ಕಣ್ಣೂ ಕಿವಿಯೂ ನೆಟ್ಟಗಿರುವ ನಾವು ಇಷ್ಟನ್ನಾದರೂ ಮಾಡಬಾರದೆ?